ಮಣ್ಣಿನ ಮಲ್ಲ, ಮ್ಯಾಟಿನ ಕಣ: ಖಾಶಾಬಾ ಜಾಧವರ ಬಾಳು

ಆಟಗಾರನ ಬಲವನ್ನೂ ಚಾತುರ್ಯವನ್ನೂ ನಾವು ಬಾಯ್ತುಂಬ ಹೊಗಳುತ್ತೇವೆ. ಆತನ ಕಾಲ ಕೆಳಗಿನ ನೆಲವನ್ನು ಮಾತ್ರ ಮರೆಯುತ್ತೇವೆ. ಆದರೆ ಆಟದಲ್ಲಿ ನೆಲವೂ ಒಬ್ಬ ಪಾಲುಗಾರನೆಂಬುದು ಆಡಿದವರಿಗೆ ಗೊತ್ತು. ನಮ್ಮ ರೈತನಿಗಂತೂ ಈ ಮಾತನ್ನು ಯಾರೂ ಕಲಿಸಬೇಕಾದುದಿಲ್ಲ. ಬಿತ್ತುವ ಹೊಲವನ್ನು ಹರಗಿ ಸಡಿಲಗೊಳಿಸುವ ಆತನೇ ರಾಶಿಯ ಕಣವನ್ನು ಬಡಿದು ಗಟ್ಟಿಮಾಡಿ, ಸೆಗಣಿಯಿಂದ ಸಾರಿಸಿ ನುಣುಪುಗೊಳಿಸುತ್ತಾನೆ. ಮಣ್ಣು ಒಂದೇ, ಆದರೆ ಅದರಿಂದ ಆಗಬೇಕಾದ ಕೆಲಸ ಎರಡು ಬಗೆಯದು. ಹೊಲದಂಥ ಕಣದಲ್ಲಿ ರಾಶಿಯಾಗದು, ಕಣದಂಥ ಹೊಲದಲ್ಲಿ ಬೆಳೆ ಬಾರದು.

ಶೀತದೇಶಗಳ ಜನರು ಇದೇ ವಿವೇಕವನ್ನು ಮಂಜುಗಡ್ಡೆಯ ಮೇಲೆ ತೋರುತ್ತಾರೆ. ಅಲ್ಲಿ ಸ್ಕೇಟಿಂಗ್ ಎಂಬ ಆಟವುಂಟು. ಬೂಟಿನ ಅಡಿಗೆ ಉಕ್ಕಿನ ಅಲಗನ್ನು ಬಿಗಿದುಕೊಂಡು ಗಡ್ಡೆಯ ಮೇಲೆ ಜಾರುತ್ತ ಸಾಗುವ ಆಟ. ಕರ್ಲಿಂಗ್ ಎಂಬ ಇನ್ನೊಂದು ಆಟವುಂಟು. ಸುಮಾರು 19 ಕಿಲೋ ತೂಗುವ ನಯವಾದ ಗ್ರಾನೈಟ್ ಕಲ್ಲನ್ನು ಗಡ್ಡೆಯ ಮೇಲೆ ಜಾರಿಸಿ ದೂರದ ಗುರಿಗೆ ಮುಟ್ಟಿಸುವ ಆಟ. ಅರಿಯದವರ ಕಣ್ಣಿಗೆ ಎರಡರ ನೆಲವೂ ಒಂದೇ. ಆದರೆ ಸ್ಕೇಟಿಂಗಿನ ನೆಲ ಕನ್ನಡಿಯಂತೆ ಸಪಾಟಾಗಿರಬೇಕು. ಅಲಗುಗಳು ಗೀರಿದ ಮೇಲ್ಮೈಯನ್ನು ಹೆರೆದು, ಅದರ ಮೇಲೆ ಬಿಸಿನೀರನ್ನು ತೆಳ್ಳಗೆ ಹರಿಸುತ್ತಾರೆ. ಆ ನೀರು ಗೀರುಗಳ ಅಂಚನ್ನು ಕರಗಿಸಿ, ಹಳೆಯ ಗಡ್ಡೆಯೊಡನೆ ಬೆಸೆದುಕೊಂಡು ಹೆಪ್ಪುಗಟ್ಟುತ್ತದೆ. ಕುಣಿತದ ಸ್ಕೇಟಿಂಗಿಗೆ ಗಡ್ಡೆ ತುಸು ಮೆತ್ತಗಿದ್ದರೆ ಅಲಗು ಕಚ್ಚಿ ಹಿಡಿಯುತ್ತದೆ. ವೇಗದ ಸ್ಕೇಟಿಂಗಿಗೆ ಇನ್ನೂ ತಣ್ಣಗಿನ, ಗಟ್ಟಿಯಾದ ಗಡ್ಡೆ ಬೇಕು. ಕರ್ಲಿಂಗಿನ ನೆಲವಾದರೋ ಸಪಾಟಾಗಿರಲೇಬಾರದು. ಮೊದಲು ಮಟ್ಟಮಾಡಿದ ಗಡ್ಡೆಯ ಮೇಲೆ ನೀರಿನ ಹನಿಗಳನ್ನು ಚಿಮುಕಿಸುತ್ತಾರೆ. ಅವು ಬಿದ್ದಲ್ಲಿಯೇ ಹೆಪ್ಪುಗಟ್ಟಿ ಸಣ್ಣ ಸಣ್ಣ ಗುಬುಟುಗಳಾಗಿ ನಿಲ್ಲುತ್ತವೆ. ಕಲ್ಲು ಈ ಗುಬುಟುಗಳ ನೆತ್ತಿಯ ಮೇಲಷ್ಟೇ ತಾಗುತ್ತ ಸಾಗುವುದರಿಂದ ಘರ್ಷಣೆ ಕಡಿಮೆಯಾಗಿ ಬಹುದೂರ ಹೋಗುತ್ತದೆ. ಸಪಾಟಾದ ಗಡ್ಡೆಯ ಮೇಲೆ ಬಿಟ್ಟ ಅದೇ ಕಲ್ಲು ಗುರಿ ಮುಟ್ಟುವ ಮೊದಲೇ ನಿಂತುಬಿಡುತ್ತದೆ. ಒಂದು ಆಟಕ್ಕೆ ವರವಾದುದು ಇನ್ನೊಂದಕ್ಕೆ ಶಾಪ.

ಬರ್ಫದ ಮೇಲಿನ ಆಟಗಳು ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಗೆ ದೂರದವು. ಆದರೆ ನೆಲದ ಈ ಭೇದ ನಮಗೆ ದೂರದ್ದಲ್ಲ. ನಮ್ಮ ಊರೂರಿನ ಜಾತ್ರೆಗಳಲ್ಲಿ ತೊಡೆ ತಟ್ಟಿ ನಿಲ್ಲುವ ಪೈಲವಾನನ ಪಾಲಿಗೂ ಎರಡು ನೆಲಗಳಿವೆ: ಒಂದು ಗರಡಿಯ ಕೆಂಪು ಮಣ್ಣು, ಇನ್ನೊಂದು ಜಗತ್ತಿನ ಪಂದ್ಯಗಳಲ್ಲಿ ಹಾಸುವ ಮೆತ್ತೆ, ಎಂದರೆ ಮ್ಯಾಟು. ಒಂದರ ಮೇಲೆ ಬೆಳೆದವನು ಇನ್ನೊಂದರ ಮೇಲೆ ನಿಂತಾಗ ಏನಾಗುತ್ತದೆ? ಈ ಪ್ರಶ್ನೆಗೆ ತನ್ನ ಬಾಳನ್ನೇ ಉತ್ತರವಾಗಿ ಕೊಟ್ಟ ಪುರುಷ ಖಾಶಾಬಾ ದಾದಾಸಾಹೇಬ ಜಾಧವ. ಸ್ವತಂತ್ರ ಭಾರತಕ್ಕೆ ಒಲಿಂಪಿಕ್ಸಿನಲ್ಲಿ ಮೊಟ್ಟಮೊದಲ ವೈಯಕ್ತಿಕ ಪದಕವನ್ನು ತಂದವರು ಅವರು. ಅವರು ತೀರಿಹೋಗಿ ನಾಲ್ಕು ದಶಕಗಳು ಕಳೆದಿವೆ. ಆ ಪದಕವನ್ನು ಅವರು ಗೆದ್ದಾಗ ಗದಗವೂ ಅವರ ಊರೂ ಒಂದೇ ಮುಂಬಯಿ ರಾಜ್ಯದಲ್ಲಿದ್ದವು. ಆದುದರಿಂದ ಈ ಕಥೆಯಲ್ಲಿ ನಮ್ಮ ಸೀಮೆಗೂ ಒಂದು ಪಾಲು ಇದೆಯೆಂದರೆ ತಪ್ಪಾಗದು.

ಗರಡಿಯ ನೆಲ

ಮಲ್ಲವಿದ್ಯೆ ಈ ನಾಡಿಗೆ ಹೊಸದಲ್ಲ. ಲಕ್ಕುಂಡಿ ಲಕ್ಷ್ಮೇಶ್ವರಗಳನ್ನು ಆಳಿದ ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೇ ಒಂದು ಪ್ರಕರಣ ಮೀಸಲಾಗಿದೆ. ಮಲ್ಲರ ತರಗತಿ, ಆಹಾರ, ಅಭ್ಯಾಸಗಳನ್ನು ಅರಸನು ಅಲ್ಲಿ ಆಸಕ್ತಿಯಿಂದ ವಿವರಿಸಿದ್ದಾನೆ. ಮುಂದೆ ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಸೇರಿದುವು; 1948ರಲ್ಲಿ ಸಂಸ್ಥಾನಗಳು ವಿಲೀನವಾಗುವವರೆಗೆ ಅಲ್ಲಿಯ ಆಡಳಿತ ಪಟವರ್ಧನರದು. ಮಿರಜ, ಸಾಂಗಲಿ, ಕೊಲ್ಹಾಪುರಗಳೆಂದರೆ ದಕ್ಷಿಣದ ಕುಸ್ತಿಯ ಹೃದಯಭಾಗ. ಕೊಲ್ಹಾಪುರದ ಶಾಹೂ ಮಹಾರಾಜರು ಪೈಲವಾನರಿಗೆ ಅನ್ನವಿಟ್ಟು, ಗರಡಿಗಳನ್ನು ಕಟ್ಟಿಸಿ, 1912ರಲ್ಲಿ ಸಹಸ್ರಾರು ಜನರು ಸುತ್ತಲೂ ಕುಳಿತು ನೋಡುವಂಥ ಖಾಸಬಾಗ ಮೈದಾನವನ್ನು ನಿರ್ಮಿಸಿದರು. ಕೃಷ್ಣಾ ನದಿಯ ನೀರಿನಂತೆ ಕುಸ್ತಿಯೂ ಭಾಷೆಯ ಗಡಿಯನ್ನು ಲೆಕ್ಕಿಸದೆ ಆಚೆಯಿಂದ ಈಚೆಗೆ ಹರಿದು ಬಂದಿತು.

ಗರಡಿಯ ಮಣ್ಣನ್ನು ಹದಗೊಳಿಸುವುದು ಒಂದು ವಿದ್ಯೆ. ನಮ್ಮ ಎರೆಯ ಮಣ್ಣು ಅದಕ್ಕೆ ಒದಗದು. ಒಣಗಿದರೆ ಬಿರಿದು ಹೆಂಟೆಯಾಗುತ್ತದೆ, ನೆನೆದರೆ ಮೈಗೆ ಅಂಟುತ್ತದೆ. ಆದುದರಿಂದ ಕೆಂಪು ಮಣ್ಣನ್ನು ತಂದು, ಕಲ್ಲು ಕಸ ಉಳಿಯದಂತೆ ಜರಡಿ ಹಿಡಿದು, ಎಣ್ಣೆ, ಮಜ್ಜಿಗೆ, ಅರಿಸಿನ, ಲಿಂಬೆಯ ರಸಗಳನ್ನು ಬೆರೆಸಿ ಹದಮಾಡುತ್ತಾರೆ. ದಿನಬೆಳಗಾದರೆ ಪೈಲವಾನರೇ ಅದನ್ನು ಸಲಿಕೆಯಿಂದ ಅಗೆದು ಮಗುಚಿ ಸಡಿಲಗೊಳಿಸಬೇಕು. ಅದೂ ಒಂದು ಸಾಮೇ. ಇಂಥ ನೆಲದಲ್ಲಿ ಬರಿಗಾಲು ಹೂತುಕೊಳ್ಳುತ್ತದೆ. ಎತ್ತಿ ಒಗೆದರೆ ಮಣ್ಣು ತಾಯಿಯಂತೆ ಮೈಯನ್ನು ತಡೆದುಕೊಳ್ಳುತ್ತದೆ. ಬೆವರಿನಿಂದ ಮೈ ಜಾರಿದರೆ ಒಂದು ಹಿಡಿ ಮಣ್ಣನ್ನು ಎದುರಾಳಿಯ ಹೆಗಲಿಗೆ ತೂರಿ ಹಿಡಿತವನ್ನು ಭದ್ರಪಡಿಸಿಕೊಳ್ಳಬಹುದು. ಕಾಲಿನ ವೇಗಕ್ಕಿಂತ ತೋಳು, ಕೊರಳು, ಸೊಂಟಗಳ ಕಸುವಿಗೆ ಇಲ್ಲಿ ಬೆಲೆ ಹೆಚ್ಚು. ಹಳೆಯ ಪದ್ಧತಿಯ ಕುಸ್ತಿಗೆ ಗಡಿಯಾರದ ಹಂಗೂ ಇರಲಿಲ್ಲ; ಒಬ್ಬನ ಬೆನ್ನು ಮಣ್ಣಿಗೆ ತಾಗಿ ಚಿತ್ತಾಗುವವರೆಗೆ ಸೆಣಸಾಟ ನಡೆಯುತ್ತಿತ್ತು.

ಮ್ಯಾಟಿನ ಮಾತೇ ಬೇರೆ. ಅದು ಕಾಲಿಗೆ ಇಳಿಯುವುದಿಲ್ಲ, ಕಾಲನ್ನು ಮೇಲಕ್ಕೆ ಚಿಮ್ಮುತ್ತದೆ. ತೆಳ್ಳನೆಯ ಬೂಟು ತೊಟ್ಟ ಎದುರಾಳಿ ಅದರ ಮೇಲೆ ಚಿರತೆಯಂತೆ ಮುನ್ನುಗ್ಗಿ ಕಾಲನ್ನೇ ಹಿಡಿಯುತ್ತಾನೆ. ಬೆವರು ಅಲ್ಲಿ ಮಣ್ಣಿನೊಡನೆ ಬೆರೆತು ಆರುವುದಿಲ್ಲ, ಮೈಯ ಮೇಲೆಯೇ ಉಳಿದು ಹಿಡಿತವನ್ನು ಜಾರಿಸುತ್ತದೆ. ಕಣಕ್ಕೊಂದು ಎಲ್ಲೆ, ಕಾಲಕ್ಕೊಂದು ಮಿತಿ. ಚಿತ್ತಾಗದೆಯೂ ತೀರ್ಪುಗಾರರ ಲೆಕ್ಕದಲ್ಲಿ ಸೋಲು ಬರಬಹುದು. ಮಣ್ಣಿನಲ್ಲಿ ತಾಳ್ಮೆ ಗುಣವಾದರೆ ಮ್ಯಾಟಿನಲ್ಲಿ ಅದೇ ತಾಳ್ಮೆ ಕೆಲವೊಮ್ಮೆ ಕಾಲಹರಣವೆನಿಸುತ್ತದೆ.

ನೆಲದ ಮಹಿಮೆಗೆ ಗಾಮಾ ಪೈಲವಾನರ ಕಥೆಯೇ ಸಾಕ್ಷಿ. 1910ರಲ್ಲಿ ಲಂಡನ್ನಿನಲ್ಲಿ ಅವರಿಗೂ ಪೋಲೆಂಡಿನ ಜಬಿಸ್ಕೋನಿಗೂ ಮ್ಯಾಟಿನ ಮೇಲೆ ಕುಸ್ತಿ ನಡೆಯಿತು. ಜಬಿಸ್ಕೋ ನೆಲಕ್ಕೆ ಅಂಟಿಕೊಂಡು ಮಲಗಿಬಿಟ್ಟ. ಎರಡೂವರೆ ಗಂಟೆಗಳ ಕಾಲ ಹೆಣಗಿದರೂ ಗಾಮಾ ಅವನನ್ನು ಮಗುಚಲಾಗಲಿಲ್ಲ. 1928ರಲ್ಲಿ ಪಟಿಯಾಲೆಯ ಮಣ್ಣಿನ ಕಣದಲ್ಲಿ ಅದೇ ಇಬ್ಬರು ಮತ್ತೆ ಕೈಗೆ ಕೈ ಹಚ್ಚಿದಾಗ ಒಂದು ನಿಮಿಷವೂ ಆಗುವುದರೊಳಗೆ ಜಬಿಸ್ಕೋ ಅಂಗಾತ ಬಿದ್ದಿದ್ದ. ಆ ವೇಳೆಗೆ ಆತನಿಗೆ ಐವತ್ತರ ಹತ್ತಿರ ವಯಸ್ಸಾಗಿದ್ದುದು ನಿಜ. ಆದರೂ ಎರಡು ನೆಲಗಳ ಪಾತ್ರವನ್ನು ಅಲ್ಲಗಳೆಯಲಾಗದು.

ಗೋಳೇಶ್ವರದ ಹುಡುಗ

ಖಾಶಾಬಾ ಹುಟ್ಟಿದುದು 1926ರ ಜನವರಿ 15ರಂದು, ಸಾತಾರಾ ಜಿಲ್ಲೆಯ ಕರಾಡದ ಬಳಿಯ ಗೋಳೇಶ್ವರವೆಂಬ ಹಳ್ಳಿಯಲ್ಲಿ. ಕೃಷ್ಣೆ ಕೊಯನೆಗಳು ಕೂಡುವ ಪ್ರದೇಶವದು. ತಂದೆ ದಾದಾಸಾಹೇಬರು ಸ್ವತಃ ಪೈಲವಾನರು. ಐವರು ಗಂಡುಮಕ್ಕಳಲ್ಲಿ ಖಾಶಾಬಾ ಕಿರಿಯವನು. ಐದು ವರ್ಷದ ಎಳವೆಯಲ್ಲಿಯೇ ತಂದೆ ಅವನನ್ನು ಗರಡಿಗಿಳಿಸಿದರು. ಇತರ ಮಕ್ಕಳು ಬೀದಿಯಲ್ಲಿ ಆಡುವ ವಯಸ್ಸಿನಲ್ಲಿ ಈ ಹುಡುಗ ಮಣ್ಣಿನಲ್ಲಿ ಹೊರಳಿ, ದಂಡ ಬೈಠಕುಗಳನ್ನು ಎಣಿಸುತ್ತ ಬೆಳೆದ. ಆಳು ಎತ್ತರವಲ್ಲ, ಮೈ ದಪ್ಪವಲ್ಲ. ಆದರೆ ಆ ಗಿಡ್ಡ ಮೈಯೊಳಗೆ ಅಡಗಿದ್ದ ಚುರುಕು ನೋಡುವವರನ್ನು ಬೆರಗುಗೊಳಿಸುತ್ತಿತ್ತು.

ಕರಾಡದ ಟಿಳಕ ಹೈಸ್ಕೂಲಿನಲ್ಲಿ ಓದುತ್ತಿರುವಾಗಲೇ 1942ರ ಚಳವಳಿ ಬಂದಿತು. ಸಾತಾರಾ ಸೀಮೆಯಲ್ಲಿ ಆ ಚಳವಳಿ ಎಷ್ಟು ಉಗ್ರವಾಗಿತ್ತೆಂಬುದು ಇತಿಹಾಸಕ್ಕೆ ಗೊತ್ತಿದೆ. ಹದಿಹರೆಯದ ಖಾಶಾಬಾ ಭೂಗತರಾದ ಹೋರಾಟಗಾರರಿಗೆ ಆಶ್ರಯ ಕೊಡಿಸುವುದರಲ್ಲಿಯೂ ಗುಪ್ತವಾಗಿ ಕಾಗದಪತ್ರಗಳನ್ನು ಮುಟ್ಟಿಸುವುದರಲ್ಲಿಯೂ ನೆರವಾದ. ಮುಂದೆ ಪೋಲೀಸ್ ಇಲಾಖೆಯನ್ನೇ ಸೇರಬೇಕಾಗಿದ್ದ ಈ ತರುಣ ಅಂದು ಪೋಲೀಸರ ಕಣ್ಣು ತಪ್ಪಿಸಿ ಓಡಾಡಿದುದು ವಿಧಿಯ ವಿನೋದವೆನ್ನಬೇಕು.

ಹೈಸ್ಕೂಲು ಮುಗಿದ ಮೇಲೆ ಖಾಶಾಬಾ ಕೊಲ್ಹಾಪುರದ ರಾಜಾರಾಮ ಕಾಲೇಜನ್ನು ಸೇರಿದರು. ಅಲ್ಲಿಯ ವಾರ್ಷಿಕ ಕ್ರೀಡೆಗಳಲ್ಲಿ ಕುಸ್ತಿಗೆ ಹೆಸರು ಕೊಡಹೋದಾಗ, ಈ ಸಣ್ಣ ಆಳಿನಿಂದ ಏನಾದೀತೆಂದು ಕ್ರೀಡಾಶಿಕ್ಷಕರು ಒಪ್ಪಲಿಲ್ಲ. ಖಾಶಾಬಾ ನೇರವಾಗಿ ಪ್ರಾಚಾರ್ಯರಾದ ಬ್ಯಾರಿಸ್ಟರ್ ಖರ್ಡೇಕರರ ಬಳಿಗೆ ಹೋದರು. ಖರ್ಡೇಕರರು ಅವಕಾಶವನ್ನು ಕೊಡಿಸಿದರು. ಖಾಶಾಬಾ ತಮಗಿಂತ ಮೈಕಟ್ಟಿನಲ್ಲಿ ಹಿರಿದಾದವರನ್ನು ಒಬ್ಬೊಬ್ಬರಾಗಿ ಕೆಡವಿ ಆ ವಿಶ್ವಾಸವನ್ನು ಉಳಿಸಿಕೊಂಡರು. ಗುರುವೊಬ್ಬರ ಈ ಸಣ್ಣ ಅನುಗ್ರಹ ಮುಂದೆ ಎಂಥ ದೊಡ್ಡ ಋಣವಾಗಿ ಬೆಳೆಯಲಿದೆಯೆಂಬುದು ಅಂದು ಇಬ್ಬರಿಗೂ ತಿಳಿದಿರಲಾರದು. ಬಾಬುರಾವ ಬಲಾವಡೆ ಹಾಗೂ ಬೇಲಾಪುರಿ ಗುರೂಜಿ ಅವರು ಖಾಶಾಬಾರ ವಿದ್ಯೆಗೆ ಸಾಣೆ ಹಿಡಿದರು. ಎದುರಾಳಿಯ ಕೊರಳನ್ನು ತೋಳಿನಲ್ಲಿ ಸಿಕ್ಕಿಸಿ ನೆಲಕ್ಕೆ ಎಸೆಯುವ ಢಾಕ್ ಎಂಬ ಪಟ್ಟು ಅವರಿಗೆ ಕರಗತವಾಯಿತು.

ಮೊದಲ ಸಲ ಮ್ಯಾಟಿನ ಮೇಲೆ

1948ರಲ್ಲಿ ಲಂಡನ್ನಿನಲ್ಲಿ ಒಲಿಂಪಿಕ್ಸ್ ನಡೆಯಿತು. ಸ್ವತಂತ್ರ ಭಾರತದ ಧ್ವಜವನ್ನು ಹಿಡಿದು ನಮ್ಮವರು ಹೋದ ಮೊದಲ ಒಲಿಂಪಿಕ್ಸ್ ಅದು. ಅದಕ್ಕೂ ಮುಂಚೆ, 1920ರ ಆಂಟ್ವರ್ಪ್ ಒಲಿಂಪಿಕ್ಸಿಗೆ ಹೋದ ಚಿಕ್ಕ ತಂಡದಲ್ಲಿ ಬೆಳಗಾವಿಯ ಓಟಗಾರ ಫಡೆಪ್ಪ ಚೌಗುಲೆ ಅವರೊಡನೆ ಇಬ್ಬರು ಕುಸ್ತಿಪಟುಗಳೂ ಇದ್ದರು. ಅವರಲ್ಲಿ ರಣಧೀರ ಶಿಂದೆ ನಾಲ್ಕನೆಯ ಸ್ಥಾನದವರೆಗೆ ಏರಿದ್ದರು. ಅಂದಿನಿಂದ ಇಪ್ಪತ್ತೆಂಟು ವರ್ಷ ಕಳೆದಿದ್ದರೂ ನಮ್ಮ ಗರಡಿಗಳಿಗೆ ಮ್ಯಾಟು ಬಂದಿರಲಿಲ್ಲ. ಖಾಶಾಬಾ ಜಾಧವರ ಪ್ರಯಾಣದ ವೆಚ್ಚವನ್ನು ಕೊಲ್ಹಾಪುರದ ಮಹಾರಾಜರು ವಹಿಸಿಕೊಂಡರು.

ಲಂಡನ್ನಿನ ಅರ್ಲ್ಸ್ ಕೋರ್ಟಿನಲ್ಲಿದ್ದ ಎಂಪ್ರೆಸ್ ಹಾಲ್ ಎಂಬ ಭವನದಲ್ಲಿ ಕುಸ್ತಿಯ ಪಂದ್ಯಗಳು ಏರ್ಪಟ್ಟಿದ್ದವು. ಈ ಭವನದ ಹಿನ್ನೆಲೆ ಸ್ವಾರಸ್ಯಕರವಾದುದು. ನಾಟಕಶಾಲೆಯಾಗಿ ಹುಟ್ಟಿದ ಅದು 1935ರಿಂದ ಮಂಜುಗಡ್ಡೆಯ ಅಂಗಳವಾಗಿ, ಸ್ಕೇಟಿಂಗಿಗೂ ಐಸ್ ಹಾಕಿಗೂ ಹೆಸರಾಗಿತ್ತು. ಒಂದು ಆಟದ ನೆಲವನ್ನು ಮರೆಮಾಡಿ ಇನ್ನೊಂದು ಆಟದ ನೆಲವನ್ನು ಹಾಸಿದ ಆ ಭವನದಲ್ಲಿ, ಇಪ್ಪತ್ತೆರಡು ವರ್ಷದ ಜಾಧವರು ತಮಗೆ ತೀರ ಅಪರಿಚಿತವಾದ ಕಣಕ್ಕೆ ಕಾಲಿಟ್ಟರು. ಹುಟ್ಟಿದಂದಿನಿಂದ ಮಣ್ಣನ್ನೇ ನಂಬಿದ್ದ ಕಾಲುಗಳಿಗೆ ಮ್ಯಾಟಿನ ಚಿಮ್ಮು ಹೊಸದು, ನಿಯಮಗಳೂ ಹೊಸವು. ಅಮೆರಿಕದ ಹಿಂದಿನ ಚಾಂಪಿಯನ್ ರೀಸ್ ಗಾರ್ಡನರ್ ಅವರಿಂದ ದೊರೆತ ಶಿಕ್ಷಣವೇ ಅವರಿಗೆ ಆಧಾರ. ಕೆಲವೇ ದಿನಗಳಲ್ಲಿ ಕಲಿತುದನ್ನು ನೆಚ್ಚಿಕೊಂಡು ಅವರು 52 ಕಿಲೋ ತೂಕದ ವರ್ಗದಲ್ಲಿ ಆಸ್ಟ್ರೇಲಿಯದ ಹಾಗೂ ಅಮೆರಿಕದ ಮಲ್ಲರನ್ನು ಸೋಲಿಸಿದರು. ಇರಾನಿನ ಮನ್ಸೂರ್ ರಯೀಸಿಯ ಎದುರಿಗೆ ಸೋತರು. ಕೊನೆಗೆ ಅವರಿಗೆ ದೊರೆತುದು ಆರನೆಯ ಸ್ಥಾನ.

ಆರನೆಯ ಸ್ಥಾನಕ್ಕೆ ಪದಕವಿಲ್ಲ. ಊರಿಗೆ ಮರಳಿದಾಗ ಮೆರವಣಿಗೆಯೂ ಇಲ್ಲ. ಆದರೆ ಜಾಧವರು ಒಂದು ಸತ್ಯವನ್ನು ಕಂಡುಕೊಂಡು ಬಂದಿದ್ದರು. ತಮ್ಮಲ್ಲಿ ಕೊರತೆಯಿರುವುದು ಬಲದಲ್ಲಲ್ಲ, ವಿದ್ಯೆಯಲ್ಲಿಯೂ ಅಲ್ಲ, ನೆಲದ ಪರಿಚಯದಲ್ಲಿ ಮಾತ್ರ ಎಂಬುದೇ ಆ ಸತ್ಯ. ಮುಂದಿನ ನಾಲ್ಕು ವರ್ಷಗಳನ್ನು ಅವರು ಈ ಕೊರತೆಯನ್ನು ನೀಗಿಸುವುದಕ್ಕೆ ಮುಡಿಪಾಗಿಟ್ಟರು. ಸಾಮನ್ನು ಹೆಚ್ಚಿಸಿದರು, ಒಂದು ವರ್ಗ ಮೇಲಕ್ಕೇರಿ 57 ಕಿಲೋ ತೂಕದ ವರ್ಗದಲ್ಲಿ ಸ್ಪರ್ಧಿಸಲು ಸಿದ್ಧರಾದರು.

ಗುರುವಿನ ಮನೆ ಒತ್ತೆ

1952ರ ಒಲಿಂಪಿಕ್ಸ್ ಫಿನ್ಲೆಂಡಿನ ರಾಜಧಾನಿ ಹೆಲ್ಸಿಂಕಿಯಲ್ಲಿ. ಅಲ್ಲಿಗೆ ತಲಪುವ ಮುಂಚೆ ಜಾಧವರು ಕಣದ ಹೊರಗೆ ಎರಡು ಕುಸ್ತಿಗಳನ್ನು ಹಿಡಿಯಬೇಕಾಯಿತು. ಮೊದಲನೆಯದು ಆಯ್ಕೆಯದು. ಮದರಾಸಿನಲ್ಲಿ ನಡೆದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಅಂಕಗಳ ಲೆಕ್ಕದಲ್ಲಿ ತಮಗೆ ಅನ್ಯಾಯವಾಗಿದೆಯೆಂದು ಅವರು ಭಾವಿಸಿದರು. ಸುಮ್ಮನೆ ಕೂಡದೆ ಪಟಿಯಾಲೆಯ ಮಹಾರಾಜರವರೆಗೆ ದೂರನ್ನು ಒಯ್ದರು. ಮರುಪರೀಕ್ಷೆ ಏರ್ಪಟ್ಟಿತು, ಅಂಕಗಳ ಲೆಕ್ಕಕ್ಕೆ ಎಡೆಯೇ ಇಲ್ಲದಂತೆ ಜಾಧವರು ಎದುರಾಳಿಯನ್ನು ಚಿತ್ತುಮಾಡಿ ತಮ್ಮ ಸ್ಥಾನವನ್ನು ಪಡೆದರು.

ಎರಡನೆಯ ಕುಸ್ತಿ ಹಣದೊಡನೆ. ಹೆಲ್ಸಿಂಕಿಯವರೆಗಿನ ವೆಚ್ಚಕ್ಕೆ ಸರಕಾರದಿಂದ ಬೇಕಾದಷ್ಟು ನೆರವು ದೊರೆಯಲಿಲ್ಲ. ಗೋಳೇಶ್ವರದ ಹಾಗೂ ಕರಾಡದ ಜನರು ತಮ್ಮ ಶಕ್ತಿಯಿದ್ದಷ್ಟು ವರ್ಗಣಿ ಎತ್ತಿದರು. ಅದೂ ಸಾಲದಾದಾಗ, ಕಾಲೇಜನ್ನು ಬಿಟ್ಟುಹೋದ ಈ ಶಿಷ್ಯನಿಗಾಗಿ ಪ್ರಾಚಾರ್ಯ ಖರ್ಡೇಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7000 ರೂಪಾಯಿಗಳನ್ನು ತಂದುಕೊಟ್ಟರು. ಇಂದಿನ ಓದುಗನಿಗೆ ಈ ಮೊತ್ತ ಅಲ್ಪವೆಂದು ತೋರಬಹುದು. ಆದರೆ ಒತ್ತೆಯಿಟ್ಟುದು ಮನೆ ಎಂಬುದನ್ನು ನೆನೆಯಬೇಕು. ಶಿಷ್ಯನು ಸೋತು ಬಂದಿದ್ದರೆ? ಈ ಪ್ರಶ್ನೆಯನ್ನು ಆ ಗುರು ತಮಗೆ ತಾವೇ ಕೇಳಿಕೊಳ್ಳದೆ ಇದ್ದಿರಲಾರರು. ಕೇಳಿಕೊಂಡೂ ಕೊಟ್ಟರೆಂಬುದರಲ್ಲಿಯೇ ಅವರ ಹಿರಿಮೆಯಿದೆ.

ಹೆಲ್ಸಿಂಕಿಯ ಕಣ

ಹೆಲ್ಸಿಂಕಿಯ ಮೆಸ್ಸುಹಲ್ಲಿ ಎಂಬ ಪ್ರದರ್ಶನಭವನದಲ್ಲಿ ಮ್ಯಾಟುಗಳನ್ನು ಹಾಸಲಾಗಿತ್ತು. ಈ ಸಲ ಜಾಧವರ ಕಾಲುಗಳಿಗೆ ಆ ನೆಲ ಅಪರಿಚಿತವಾಗಿರಲಿಲ್ಲ. ಕೆನಡದ ಪೊಲಿಕ್ವಿನ್, ಮೆಕ್ಸಿಕೋದ ಬಸುರ್ತೋ, ಜರ್ಮನಿಯ ಶ್ಮಿಟ್ಸ್ ಒಬ್ಬರ ಹಿಂದೊಬ್ಬರು ಅವರಿಗೆ ಸೋತರು. ಮಣ್ಣಿನಲ್ಲಿ ಕಲಿತ ಪಟ್ಟುಗಳನ್ನು ಮ್ಯಾಟಿನ ವೇಗಕ್ಕೆ ಹೊಂದಿಸಿಕೊಂಡುದರಿಂದ ಅವರಿಗೊಂದು ವಿಶೇಷ ಅನುಕೂಲವೂ ಒದಗಿತೆನ್ನಬೇಕು: ಗರಡಿಯಲ್ಲಿ ಹುಟ್ಟಿದ ಎಸೆತಗಳು ಪಶ್ಚಿಮದ ಮಲ್ಲರಿಗೆ ಹೊಸವು.

ಆಮೇಲೆ ಎದುರಾದವನು ಜಪಾನಿನ ಶೋಹಾಚಿ ಇಶಿಯಿ. ಜೂಡೋ ವಿದ್ಯೆಯಿಂದ ಕುಸ್ತಿಗೆ ಬಂದ ಆತನೂ ಒಂದು ನೆಲವನ್ನು ಬಿಟ್ಟು ಇನ್ನೊಂದಕ್ಕೆ ಒಗ್ಗಿಕೊಂಡವನೇ. ನಿಗದಿಯಾದ ಕಾಲ ಪೂರ್ತಿ ಮುಗಿಯುವವರೆಗೆ ಆ ಸೆಣಸಾಟ ನಡೆದು ತೀರ್ಪು ಇಶಿಯಿಯ ಪರವಾಗಿ ಬಂದಿತು. ಜಾಧವರು ಏದುಸಿರು ಬಿಡುತ್ತ ಕಣದಿಂದ ಇಳಿದರು. ಅಷ್ಟರಲ್ಲಿಯೇ ಸೋವಿಯತ್ ದೇಶದ ರಶೀದ್ ಮಮ್ಮದ್‌ಬೆಯೊವ್ ಎದುರಿಗೆ ಕುಸ್ತಿಗೆ ಬರಬೇಕೆಂಬ ಕರೆ ಬಂದಿತು. ಎರಡು ಕುಸ್ತಿಗಳ ನಡುವೆ ಮಲ್ಲನಿಗೆ ಅರ್ಧ ಗಂಟೆಯ ವಿಶ್ರಾಂತಿ ಕೊಡಬೇಕೆಂಬುದು ನಿಯಮ. ಆ ನಿಯಮವನ್ನು ಎತ್ತಿ ತೋರಿಸಿ ವಾದಿಸಲು ಭಾರತದ ಅಧಿಕಾರಿಯೊಬ್ಬರೂ ಆ ಕ್ಷಣದಲ್ಲಿ ಅಲ್ಲಿರಲಿಲ್ಲ. ಪರದೇಶದ ಭವನದಲ್ಲಿ ಒಬ್ಬಂಟಿಯಾಗಿ ನಿಂತಿದ್ದ ಆ ಮನುಷ್ಯ ಬಳಲಿದ ತೋಳುಗಳಿಂದಲೇ ಕಣಕ್ಕಿಳಿದು ಸೋತರು.

ಇಶಿಯಿಗೆ ಚಿನ್ನ, ಮಮ್ಮದ್‌ಬೆಯೊವನಿಗೆ ಬೆಳ್ಳಿ, ಜಾಧವರಿಗೆ ಕಂಚು. ದಿನ 1952ರ ಜುಲೈ 23. ಅರ್ಧ ಗಂಟೆಯ ವಿಶ್ರಾಂತಿ ದೊರೆತಿದ್ದರೆ ಪದಕದ ಬಣ್ಣ ಬದಲಾಗುತ್ತಿತ್ತೇ ಎಂಬ ಪ್ರಶ್ನೆಗೆ ಯಾರೂ ಉತ್ತರ ಕೊಡಲಾರರು. ಆದರೆ ಕಾಲ ಕೆಳಗಿನ ನೆಲವನ್ನು ತಾನೇ ಕಲಿತುಕೊಂಡ ಮಲ್ಲನಿಗೆ, ಬೆನ್ನ ಹಿಂದೆ ನಿಲ್ಲಬೇಕಾಗಿದ್ದ ಆಸರೆ ಮಾತ್ರ ಇರಲಿಲ್ಲವೆಂಬುದು ಸ್ಪಷ್ಟ. ಅದೇ ಒಲಿಂಪಿಕ್ಸಿನಲ್ಲಿ ನಮ್ಮ ಹಾಕಿ ತಂಡ ಚಿನ್ನವನ್ನು ಗೆದ್ದಿತು. ದೇಶದ ಕಣ್ಣೆಲ್ಲ ಆ ಚಿನ್ನದ ಹೊಳಪಿನ ಮೇಲೆ. ಮಲ್ಲನ ಕಂಚು ಅದರ ನೆರಳಿನಲ್ಲಿ ಉಳಿಯಿತು.

ಹುಟ್ಟಿದ ಊರು ಮಾತ್ರ ಅವರನ್ನು ಮರೆಯಲಿಲ್ಲ. ಕರಾಡದ ರೈಲುನಿಲ್ದಾಣದಲ್ಲಿ ಅವರನ್ನು ಇದಿರುಗೊಂಡುದು ಶೃಂಗರಿಸಿದ ನೂರಕ್ಕೆ ಮೀರಿದ ಎತ್ತಿನ ಬಂಡಿಗಳ ಸಾಲು. ಸ್ವಲ್ಪ ಹೊತ್ತಿನಲ್ಲಿ ಕ್ರಮಿಸಬಹುದಾದ ಗೋಳೇಶ್ವರದ ದಾರಿ ಅಂದು ಹಲವು ಗಂಟೆಗಳಷ್ಟು ಉದ್ದವಾಯಿತು. ಈ ಸಂಭ್ರಮ ಮುಗಿದ ಮೇಲೆ ಜಾಧವರು ಮಾಡಿದ ಕೆಲಸವೊಂದು ಅವರ ಪದಕಕ್ಕಿಂತ ಕಡಿಮೆ ಬೆಲೆಯದಲ್ಲ. ಅವರು ಕುಸ್ತಿಗಳನ್ನು ಏರ್ಪಡಿಸಿ, ಅದರಿಂದ ಬಂದ ಹಣದಲ್ಲಿ ಖರ್ಡೇಕರರ ಋಣವನ್ನು ತೀರಿಸಿದರು. ಮ್ಯಾಟಿನ ಮೇಲೆ ಗಳಿಸಿದ ಕೀರ್ತಿಯನ್ನು ಮಣ್ಣಿನ ಕಣಕ್ಕೆ ತಂದು, ಗುರುವಿನ ಮನೆಯನ್ನು ಗುರುವಿಗೆ ಉಳಿಸಿಕೊಟ್ಟರು.

ಉಳಿದ ದಿನಗಳು

1955ರಲ್ಲಿ ಜಾಧವರು ಪೋಲೀಸ್ ಇಲಾಖೆಯಲ್ಲಿ ಸಬ್ ಇನ್ಸ್‌ಪೆಕ್ಟರರಾಗಿ ಸೇರಿದರು. ಮುಂದಿನ ವರ್ಷದ ಮೆಲ್ಬೋರ್ನ್ ಒಲಿಂಪಿಕ್ಸಿನ ಮೇಲೆ ಅವರ ಕಣ್ಣಿತ್ತು. ಆದರೆ ಮೊಣಕಾಲಿಗೆ ಬಿದ್ದ ಪೆಟ್ಟು ಆ ಆಸೆಯನ್ನು ಮುರಿಯಿತು. ಆಮೇಲೆ ಸುಮಾರು 27 ವರ್ಷಗಳ ಕಾಲ ಅವರು ಸಮವಸ್ತ್ರದಲ್ಲಿ ಸೇವೆ ಸಲ್ಲಿಸಿದರು. ಇಲಾಖೆಯ ಕ್ರೀಡಾಳುಗಳಿಗೆ ಶಿಕ್ಷಣವನ್ನು ಕೊಟ್ಟರು. ದೊಡ್ಡ ಬಡತಿ ದೊರೆತುದು ಸೇವೆಯ ಕೊನೆಗಾಲದಲ್ಲಿ. ಸಹಾಯಕ ಪೋಲೀಸ್ ಕಮಿಷನರರಾಗಿ ನಿವೃತ್ತರಾದರು. ನಿವೃತ್ತಿವೇತನಕ್ಕಾಗಿಯೂ ಅವರು ಅಲೆದಾಡಬೇಕಾಯಿತೆಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. 1982ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡೆಗಳ ಸಂದರ್ಭದಲ್ಲಿ ಪಂಜಿನ ಓಟದಲ್ಲಿ ಪಾಲುಗೊಳ್ಳುವ ಗೌರವ ಅವರಿಗೆ ಸಂದಿತು. ಎರಡು ವರ್ಷಗಳ ಬಳಿಕ, 1984ರ ಆಗಸ್ಟ್ 14ರಂದು, ರಸ್ತೆಯ ಅಪಘಾತವೊಂದರಲ್ಲಿ ಅವರು ತೀರಿಕೊಂಡರು. ಆಗ ಅವರಿಗೆ 58 ವರ್ಷ.

ಬದುಕಿರುವಾಗ ಅವರಿಗೆ ಪದ್ಮ ಪ್ರಶಸ್ತಿಯಾಗಲಿ ಅರ್ಜುನ ಪ್ರಶಸ್ತಿಯಾಗಲಿ ದೊರೆಯಲಿಲ್ಲ. 1996ರಲ್ಲಿ ಅಟ್ಲಾಂಟದಲ್ಲಿ ಟೆನಿಸ್ ಆಟಗಾರ ಲಿಯಾಂಡರ್ ಪೇಸ್ ಕಂಚನ್ನು ಗೆದ್ದಾಗ, ಇದಕ್ಕೂ 44 ವರ್ಷಗಳ ಹಿಂದೆ ಇಂಥದೇ ಪದಕವನ್ನು ತಂದವನೊಬ್ಬನಿದ್ದನೆಂದು ದೇಶ ನೆನಪು ಮಾಡಿಕೊಂಡಿತು. ಅರ್ಜುನ ಪ್ರಶಸ್ತಿ ಮರಣಾನಂತರ, 2000ದ ಸಾಲಿಗೆ ಸಂದಿತು. 2010ರ ಕಾಮನ್‌ವೆಲ್ತ್ ಕ್ರೀಡೆಗಳ ಕಾಲದಲ್ಲಿ ದಿಲ್ಲಿಯ ಇಂದಿರಾ ಗಾಂಧಿ ಕ್ರೀಡಾಸಂಕೀರ್ಣದ ಕುಸ್ತಿಭವನಕ್ಕೆ ಅವರ ಹೆಸರನ್ನಿಟ್ಟರು. ಮ್ಯಾಟನ್ನು ಕಾಣದೆ ಬೆಳೆದ ಮಲ್ಲನ ಹೆಸರು ಮ್ಯಾಟಿನ ಭವನಕ್ಕೆ ಸಂದುದು ಉಚಿತವೇ ಆಯಿತು.

ಕುಸ್ತಿಯಲ್ಲಿ ಭಾರತಕ್ಕೆ ಎರಡನೆಯ ಒಲಿಂಪಿಕ್ ಪದಕ ಬಂದುದು 2008ರಲ್ಲಿ, ಸುಶೀಲ್ ಕುಮಾರರಿಂದ. ನಡುವೆ ಸಂದ ಕಾಲ 56 ವರ್ಷ. ಈ ಅವಧಿಯಲ್ಲಿ ನಮ್ಮ ನಾಡಿನಲ್ಲಿ ಬಲಶಾಲಿಗಳು ಹುಟ್ಟಲಿಲ್ಲವೇ? ಹುಟ್ಟಿದರು. ಜಾತ್ರೆಯ ಕಣಗಳಲ್ಲಿ ಗೆದ್ದರು, ಬೆಳ್ಳಿಯ ಗದೆಗಳನ್ನು ಹೊತ್ತರು, ಮರೆತುಹೋದರು. ಮಣ್ಣು ಅವರಿಗೆ ಎಲ್ಲವನ್ನೂ ಕೊಟ್ಟಿತು. ಆದರೆ ಜಗತ್ತು ಆಡುವ ನೆಲವನ್ನು ಅವರ ಎಳೆಯ ಕಾಲುಗಳ ಕೆಳಗೆ ಹೊತ್ತಿಗೆ ಸರಿಯಾಗಿ ಹಾಸಿದವರು ವಿರಳ. ಎಲ್ಲಿ ಹುಡುಗರಿಗೂ ಹುಡುಗಿಯರಿಗೂ ಚಿಕ್ಕಂದಿನಲ್ಲಿಯೇ ಮ್ಯಾಟು ದೊರೆಯಿತೋ ಅಲ್ಲಿಂದಲೇ ಇತ್ತೀಚಿನ ಪದಕಗಳೆಲ್ಲ ಬಂದಿವೆ. 2016ರಲ್ಲಿ ಸಾಕ್ಷಿ ಮಲಿಕ್ ಕುಸ್ತಿಯಲ್ಲಿ ಪದಕ ಗೆದ್ದ ಮೊದಲ ಭಾರತೀಯ ಮಹಿಳೆಯಾದರು.

ಹಾಗೆಂದು ಗರಡಿಯ ಮಣ್ಣನ್ನು ಹಳಿಯುವುದು ತರವಲ್ಲ. ಕರ್ಲಿಂಗಿನ ಗುಬುಟುಗಳುಳ್ಳ ಗಡ್ಡೆ ಸ್ಕೇಟಿಂಗಿನ ಗಡ್ಡೆಗಿಂತ ಕೀಳೂ ಅಲ್ಲ, ಮೇಲೂ ಅಲ್ಲ. ತನ್ನ ಆಟಕ್ಕೆ ತಾನು ಸರಿ. ಮಣ್ಣು ಜಾಧವರಿಗೆ ಕಸುವನ್ನೂ ಧೈರ್ಯವನ್ನೂ ಬಿದ್ದಲ್ಲಿಂದ ಏಳುವ ಅಭ್ಯಾಸವನ್ನೂ ಕಲಿಸಿತು. ಅದಿಲ್ಲದಿದ್ದರೆ ಆರನೆಯ ಸ್ಥಾನದಿಂದ ಮೂರನೆಯ ಸ್ಥಾನಕ್ಕೆ ಅವರು ಏರುತ್ತಿರಲಿಲ್ಲ. ಮಾಡಬೇಕಾದುದು ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯುವುದಲ್ಲ. ಒಂದರ ಮಗ್ಗುಲಿಗೆ ಇನ್ನೊಂದನ್ನು ಇರಿಸುವುದು. ಖರ್ಡೇಕರರಂಥವರು ಪ್ರತಿ ಊರಿನಲ್ಲಿ ಹುಟ್ಟುವುದಿಲ್ಲ. ಶಿಷ್ಯನ ಪಯಣಕ್ಕಾಗಿ ಗುರು ತನ್ನ ಸೂರನ್ನು ಒತ್ತೆಯಿಡಬೇಕಾದ ಪ್ರಸಂಗ ಮತ್ತೆ ಬಾರದಂತೆ ನೋಡಿಕೊಳ್ಳುವುದೇ ಸಮಾಜದ ಕರ್ತವ್ಯ. ಗರಡಿಯ ಮೂಲೆಯಲ್ಲಿ ಇಂದು ಸುತ್ತಿಟ್ಟ ಮ್ಯಾಟೊಂದನ್ನು ಕಂಡವರು, ಅದನ್ನು ಕಾಣದೆಯೇ ಹೆಲ್ಸಿಂಕಿಯವರೆಗೆ ನಡೆದುಹೋದ ಗೋಳೇಶ್ವರದ ಆ ಗಿಡ್ಡ ಮಲ್ಲನನ್ನು ಒಮ್ಮೆ ನೆನೆಯಲಿ.